ಹಿಮದ ಚೆಲುವು

ಗೋವೆಯ ಕಡಲತಡಿಯಲ್ಲಿ ಬೆಳೆಯುವ ನಿಮಗೆ ಹಿಮಪಾತವು ಚಿತ್ರಗಳಲ್ಲಿ ಮಾತ್ರ ಕಾಣುವ ಸೊಬಗು. ಮೋಡದಲ್ಲಿನ ನೀರಾವಿಯು ಅತಿಶೈತ್ಯದಿಂದ ಹರಳುಗಟ್ಟಿ ಆರು ಮೂಲೆಗಳ ಹಿಮಕಣವಾಗುವುದು. ಹರಳಿಗೆ ಬಣ್ಣವಿಲ್ಲ, ಅಸಂಖ್ಯ ಹರಳುಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಚದರಿಸುವುದರಿಂದ ಹಿಮರಾಶಿಯು ಬೆಳ್ಳಗೆ ತೋರುವುದು. ಒಂದೊಂದು ಕಣವೂ ಹತ್ತಿಯಂತೆ ಹಗುರ. ರಾಶಿಯಾಗಿ ಕುಸಿದರೆ ಮಾತ್ರ ಅದರ ಭಾರ ಭಯಂಕರ. 2016ರ ಫೆಬ್ರವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ ಹತ್ತು ಮಂದಿ ಯೋಧರು ಹಿಮಕುಸಿತದಲ್ಲಿ ಹೂತುಹೋದರು. ಅವರಲ್ಲೊಬ್ಬರಾದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ತರುವಾಯ ಜೀವಂತವಾಗಿ ದೊರೆತರೂ, ಫೆಬ್ರವರಿ 11ರಂದು ದಿಲ್ಲಿಯಲ್ಲಿ ಅಸುನೀಗಿದರು. ನಿಮ್ಮಲ್ಲಿ ಅನೇಕರ ಹಿರಿಯರ ಊರು ಅದೇ ಸೀಮೆಯದು. ಹಿಮದ ಚೆಲುವಿಗೆ ಮನಸೋಲುವಾಗ, ಅದರ ನಡುವೆ ಕಾವಲು ನಿಂತವರನ್ನೂ ನೆನೆಯಿರಿ.