ಬೇಸ್‌ಗೆ ಎಷ್ಟು ಹೊತ್ತು, ಗಿಟಾರ್‌ಗೆ ಎಷ್ಟು?

ನಮ್ಮ ಬ್ಯಾಂಡಿನಲ್ಲಿ ಐದು ಜನ. ಚನ್ನಗಿರಿಯವರು ಇಬ್ಬರು, ಉಳಿದವರು ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರು. ಮೂವರಿಗೆ ಗಿಟಾರ್ ಬರುತ್ತೆ, ಬೇಸ್ ಒಬ್ಬರಿಗೂ ಇಲ್ಲ. "ನಾಲ್ಕೇ ತಂತಿ ಅಲ್ವೇನೋ, ನೀನೇ ಹಿಡ್ಕೋ" ಅಂತ ನನ್ನ ಕೊರಳಿಗೆ ಹಾಕಿದ್ರು. ನಮ್ಮೂರಿನ ಗಣಪತಿ ಆರ್ಕೆಸ್ಟ್ರಾದಲ್ಲಿ ಬೇಸ್ ಕೆಲಸವನ್ನು ಕೀಬೋರ್ಡಿನವರ ಎಡಗೈಯೇ ಮಾಡುತ್ತಿತ್ತು. ಹಾಗಾಗಿ ಬೇಸ್ ಗಿಟಾರನ್ನು ನಾನು ಮುಟ್ಟಿದ್ದೇ ಹಾಸ್ಟೆಲಿಗೆ ಬಂದ ಮೇಲೆ. (ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೂಡ ಗಿಟಾರ್ ನುಡಿಸುತ್ತಿದ್ದವರೇ. 1961ರಲ್ಲಿ ಬೇಸ್‌ನವರು ಬಿಟ್ಟುಹೋದಾಗ ಅದನ್ನು ಹಿಡಿದರು. ಸಮಾಧಾನಕ್ಕೆ ಹೇಳಿದೆ ಅಷ್ಟೇ.)

ದಿನಕ್ಕೆ ಸಿಗೋದು ಒಂದು ಗಂಟೆ. ಅದಕ್ಕರ್ಧ, ಇದಕ್ಕರ್ಧ ಅಂತ ಹಂಚಿದೆ. ಎರಡು ತಿಂಗಳಲ್ಲಿ ಗಿಟಾರಿನ ಬಾರ್ ಕಾರ್ಡುಗಳು ಝರ್ರ್ ಅನ್ನತೊಡಗಿದವು. ಬೇಸ್‌ನಲ್ಲಂತೂ ಡ್ರಮ್ಮಿನ ಜೊತೆ ಒಂದು ಹಾಡೂ ಕೊನೆವರೆಗೆ ನಿಲ್ಲಲಿಲ್ಲ. ತಪ್ಪು ಗಡಿಯಾರದ್ದಲ್ಲ, ಹಂಚಿದ ರೀತಿಯದ್ದು.

ಎರಡಕ್ಕೂ ಸೇರಿದ್ದು ಯಾವುದು, ಸೇರದ್ದು ಯಾವುದು ಅಂತ ಮೊದಲು ನೋಡಬೇಕು. ಬೇಸ್‌ನ ತಂತಿಗಳು ಇ, ಎ, ಡಿ, ಜಿ. ಗಿಟಾರಿನ ದಪ್ಪ ನಾಲ್ಕು ತಂತಿಗಳೂ ಅವೇ, ಒಂದು ಸಪ್ತಕ ಮೇಲೆ. ಗಿಟಾರಿನ ದಪ್ಪ ಇ ಸುಮಾರು 82 ಹರ್ಟ್ಸ್, ಬೇಸ್‌ನದು 41. ಅಂದ್ರೆ ಯಾವ ಸ್ವರ ಎಲ್ಲಿದೆ ಅನ್ನೋದನ್ನ ಒಂದರಲ್ಲಿ ಕಲಿತರೆ ಇನ್ನೊಂದಕ್ಕೆ ಫ್ರೀ. ಅದಕ್ಕೆ ಎರಡು ಸಲ ಟೈಮ್ ಕೊಡೋದು ದಂಡ.

ಕೈ ಮಾತ್ರ ಬೇರೆ. ಸಾಮಾನ್ಯ ಬೇಸ್‌ನ ತಂತಿ 34 ಇಂಚು, ಎಷ್ಟೋ ಎಲೆಕ್ಟ್ರಿಕ್ ಗಿಟಾರಿನದು 25.5. ಪ್ರತಿ ಫ್ರೆಟ್‌ಗೂ ಉದ್ದ ಎರಡರ ಹನ್ನೆರಡನೇ ಮೂಲದಿಂದ ಭಾಗವಾಗುತ್ತೆ. ಲೆಕ್ಕ ಹಾಕಿದ್ರೆ ಮೊದಲ ಫ್ರೆಟ್ ಬೇಸ್‌ನಲ್ಲಿ 48 ಮಿ.ಮೀ. ಚಿಲ್ಲರೆ, ಗಿಟಾರಿನಲ್ಲಿ 36 ಚಿಲ್ಲರೆ. ಗಿಟಾರಿನ ಹಾಗೆ ಫ್ರೆಟ್‌ಗೊಂದು ಬೆರಳು ಇಡಲು ಹೋಗಿ ನನ್ನ ಮಣಿಕಟ್ಟು ಒಂದು ವಾರ ನೋವಾಯ್ತು. ಕೆಳಗಿನ ಫ್ರೆಟ್‌ಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಸಾಕು. ಉಂಗುರಬೆರಳು ಕಿರುಬೆರಳಿಗೆ ಒತ್ತಾಸೆ. ಬಲಗೈಯಲ್ಲಿ ಎರಡು ಬೆರಳು ಸರದಿಯಂತೆ ನಡೀಬೇಕು, ನುಡಿಸದ ತಂತಿಗಳ ಬಾಯಿ ಮುಚ್ಚಬೇಕು. ಇದನ್ನ ಗಿಟಾರ್ ಕಲಿಸಲ್ಲ. ಬೇಸ್ ಹೊತ್ತೆಲ್ಲ ಇದಕ್ಕೇ, ಮೆಟ್ರೋನೋಮ್ 60ಕ್ಕೆ ಇಟ್ಟು. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ಸ್ವಲ್ಪ ನಾಚಿಕೆ ಆಗುತ್ತೆ. ಗಿಟಾರ್ ಹೊತ್ತು ಕಾರ್ಡ್ ಬದಲಾವಣೆಗೆ: ಎರಡು ಕಾರ್ಡುಗಳ ನಡುವೆ ಒಂದು ನಿಮಿಷದಲ್ಲಿ ಎಷ್ಟು ಸಲ ಅಂತ ಎಣಿಸಿ.

ಗಿಟಾರ್ ಮೊದಲು, ಬೇಸ್ ಆಮೇಲೆ. ಬೇಸ್ ಮುಗಿಸಿ ಗಿಟಾರ್ ಹಿಡಿದರೆ ನನ್ನ ಬೆರಳು ಜಾಸ್ತಿ ಒತ್ತಿ ಶ್ರುತಿ ಏರಿಬಿಡುತ್ತೆ.

ಶನಿವಾರ ಚನ್ನಗಿರಿ ಬಸ್ಸಿನ ರಶ್ಶಿನಲ್ಲಿ ಬೇಸ್ ಹೊರೋಕಾಗಲ್ಲ, ಅದು ಹಾಸ್ಟೆಲಲ್ಲೇ ಇರುತ್ತೆ. ಊರಲ್ಲಿ ಮನೆಯ ಹಳೇ ಅಕೌಸ್ಟಿಕ್ ಗಿಟಾರ್ ಮಾತ್ರ. ಆ ಎರಡು ದಿನದ ಸಾಲವನ್ನು ಸೋಮವಾರ, ಮಂಗಳವಾರ ಬೇಸ್‌ಗೆ ತೀರಿಸ್ತೀನಿ. ರಾತ್ರಿ ಆಂಪ್ ಹಾಕಿದ್ರೆ ವಾರ್ಡನ್ ಬರ್ತಾರೆ. ಬೇಸ್‌ನ ತುದಿಯನ್ನು ಮರದ ಬೀರುವಿಗೆ ಆನಿಸಿ ನುಡಿಸಿದ್ರೆ ಕರೆಂಟಿಲ್ಲದೆಯೂ ಕೇಳುತ್ತೆ, ಬೀರುವೇ ಆಂಪ್.

ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಆರು ವಾರ ಇದೆ. ಅಲ್ಲಿಯವರೆಗೆ ಬೇಸ್ 45 ನಿಮಿಷ, ಗಿಟಾರ್ 15. ಡಿಸೆಂಬರ್‌ನಲ್ಲಿ ತಿರುಗಾಮುರುಗಾ. ಇಂಟರ್ನಲ್ಸ್ ವಾರದಲ್ಲಿ ಎರಡಕ್ಕೂ ಹತ್ತತ್ತು ನಿಮಿಷ, ಆದ್ರೆ ಸೊನ್ನೆ ಮಾತ್ರ ಇಲ್ಲ.