ಇಲ್ಲದ ಸದಸ್ಯರ ಪಟ್ಟಿ ಮಾಡುವುದು ಹೇಗೆ?

ಹಾಸನ ಜಿಲ್ಲೆಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನೀವು ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಸದಸ್ಯರ ಹೆಸರು, ಊರು, ಮೊಬೈಲ್, ಬ್ಯಾಂಕ್ ಖಾತೆ ಎಲ್ಲವೂ ಅದರಲ್ಲಿ ಸೇರಬೇಕು. ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ನೂರಾರು ಜನರ ವಿವರ ತುಂಬಿಸಲೇಬೇಕು. ಸಂಘದ ನಿಜವಾದ ಪಟ್ಟಿಯನ್ನೇ ತಂದರಾಯಿತಲ್ಲ ಎನ್ನಿಸಬಹುದು. ದಯವಿಟ್ಟು ಬೇಡ. ಪರೀಕ್ಷೆಗೆಂದು ತಂದ ಪಟ್ಟಿ ಕೆಲಸ ಮುಗಿದ ಮೇಲೂ ಹಲವರ ಲ್ಯಾಪ್‌ಟಾಪುಗಳಲ್ಲಿ ಉಳಿಯುತ್ತದೆ; ಪರೀಕ್ಷೆಯ ಎಸ್ಸೆಮ್ಮೆಸ್ ರೈತರ ಫೋನಿಗೇ ಹೋಗಿ ಬೀಳುತ್ತದೆ. ಜನರ ವಿವರಗಳನ್ನು ಹೀಗೆ ಬೇಕಾಬಿಟ್ಟಿ ಬಳಸದಂತೆ ತಡೆಯಲೆಂದೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ.

ಇಲ್ಲಿ ನಮಗೆ ಬೇಕಾದದ್ದು ಕಲ್ಪಿತ ದತ್ತಾಂಶ. ಅಂದರೆ, ನೋಡಲು ನಿಜದಂತಿದ್ದು ಯಾರಿಗೂ ಸೇರದ ವಿವರ. ಇದನ್ನು ತಯಾರಿಸಲು ‘ಫೇಕರ್’ ಎಂಬ ಲೈಬ್ರರಿ ಪೈಥಾನ್, ರೂಬಿ, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಲೈಬ್ರರಿ ಎಂದರೆ ಇತರರು ಬರೆದಿಟ್ಟ, ನಾವು ಹಾಗೆಯೇ ಬಳಸಿಕೊಳ್ಳಬಹುದಾದ ಪ್ರೋಗ್ರಾಮುಗಳ ಸಂಗ್ರಹ.

ಈಗ ಇದರ ಜೊತೆಗೆ ಎಐ ಏಜೆಂಟ್ ಬಂದಿದೆ. ನೀವು ಕನ್ನಡದಲ್ಲೇ ಹೇಳಿದ ಕೆಲಸವನ್ನು ಅರ್ಥಮಾಡಿಕೊಂಡು, ಹಂತಗಳಾಗಿ ಬಿಡಿಸಿ, ಪ್ರತಿ ಹಂತಕ್ಕೂ ಬೇಕಾದ ಸಾಧನವನ್ನು ತಾನೇ ಕರೆದು ಮುಗಿಸಿಕೊಡುವ ಪ್ರೋಗ್ರಾಮಿಗೆ ಈ ಹೆಸರು. ಏಜೆಂಟ್ ಮತ್ತು ಸಾಧನಗಳು ಮಾತಾಡಿಕೊಳ್ಳಲು ಒಂದು ಸಾಮಾನ್ಯ ನಿಯಮಾವಳಿ ಬೇಕಲ್ಲವೇ? ಆಂಥ್ರಾಪಿಕ್ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಅಂಥದ್ದೊಂದು.

ಎಲ್ಲವನ್ನೂ ಏಜೆಂಟೇ ಊಹಿಸಿ ಬರೆಯಲಿ ಎಂದು ಬಿಟ್ಟರೆ ಎರಡು ತೊಡಕುಗಳಿವೆ. ಅದು ಕೆಲವೇ ಹೆಸರುಗಳನ್ನು ಮತ್ತೆ ಮತ್ತೆ ತರುತ್ತದೆ. ಎಲ್ಲೋ ಕಲಿತ ನಿಜವಾದ ವಿವರವನ್ನೇ ಒಮ್ಮೊಮ್ಮೆ ಬರೆದುಬಿಡಬಹುದು. ಆದ್ದರಿಂದ ಯೋಜನೆ ಏಜೆಂಟಿನದು, ಯಾದೃಚ್ಛಿಕ ಆಯ್ಕೆ ಫೇಕರಿನದು ಎಂದು ಕೆಲಸ ಹಂಚಿ. ಫೇಕರಿಗೆ ‘ಸೀಡ್’ ಎಂಬ ಒಂದು ಸಂಖ್ಯೆ ಕೊಡಬಹುದು. ಲೈಬ್ರರಿಯ ಆವೃತ್ತಿ ಬದಲಾಗದಿದ್ದರೆ, ಅದೇ ಸೀಡ್ ಕೊಟ್ಟಾಗ ಅದೇ ಪಟ್ಟಿ ಮರಳಿ ಬರುತ್ತದೆ. ನಿನ್ನೆ ಕಂಡ ದೋಷವನ್ನು ಇಂದು ಮತ್ತೆ ಹಿಡಿಯಲು ಇದು ಬೇಕು.

ಇನ್ನು ಹೆಸರಿನ ವಿಚಾರ. ಇಂಥ ಸಾಧನಗಳು ಸಾಮಾನ್ಯವಾಗಿ ಮೊದಲ ಹೆಸರು, ಕುಲನಾಮ ಎಂಬ ಎರಡು ಕಾಲಂ ಕೊಡುತ್ತವೆ. ನಮ್ಮ ಕಡೆಯ ಹೆಸರುಗಳನ್ನು ನೋಡಿ: ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ, ಅರಕಲಗೂಡು ನರಸಿಂಗರಾವ್ ಕೃಷ್ಣರಾವ್. ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ಭೈರಪ್ಪ ಎಂಬುದನ್ನು ಕುಲನಾಮದ ಕಾಲಂಗೆ ಹಾಕುವ ಸಾಫ್ಟ್‌ವೇರ್, ಪತ್ರದ ಮೇಲೆ ‘ಪ್ರಿಯ ಸಂತೇಶಿವರ’ ಎಂದು ಮುದ್ರಿಸೀತು! ಇನಿಷಿಯಲ್ಲಿಗೆ ಬೇರೆ ಕಾಲಂ ಇರಲಿ. ‘ಎಚ್’, ‘ಹೆಚ್’ ಎರಡೂ ಬರಹಗಳು ಪಟ್ಟಿಯಲ್ಲಿರಲಿ, ಇನಿಷಿಯಲ್ಲೇ ಇಲ್ಲದ ಸದಸ್ಯರೂ ಇರಲಿ.

ಸಂಖ್ಯೆಗಳಲ್ಲಿ ಮತ್ತಷ್ಟು ಎಚ್ಚರ ಬೇಕು. ಪಿನ್‌ಕೋಡ್ ಯಾರೊಬ್ಬರದೂ ಅಲ್ಲ, ಹಾಗಾಗಿ ನಿಜವಾದದ್ದನ್ನೇ ಕೊಡಿ: ಹಾಸನಕ್ಕೆ 573201, ಹೊಳೆನರಸೀಪುರಕ್ಕೆ 573211, ಚನ್ನರಾಯಪಟ್ಟಣಕ್ಕೆ 573116, ಅರಕಲಗೂಡಿಗೆ 573102. ಊರಿಗೂ ಪಿನ್‌ಕೋಡಿಗೂ ತಾಳೆಯಾಗಬೇಕು. ಮೊಬೈಲ್ ಹಾಗಲ್ಲ. ನಮ್ಮ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ; ಕಲ್ಪಿತ ಸಂಖ್ಯೆಯನ್ನು 1ರಿಂದ ಶುರುಮಾಡಿದರೆ ಅದು ಯಾರ ಮೊಬೈಲ್ ಸಂಖ್ಯೆಯೂ ಆಗಿರದು. ಸಾಫ್ಟ್‌ವೇರ್ ಅದನ್ನು ತಿರಸ್ಕರಿಸುವುದಿಲ್ಲವೇ ಎಂದು ನೀವು ಕೇಳಬಹುದು. ತಿರಸ್ಕರಿಸಲೇಬೇಕು, ಪರೀಕ್ಷೆಯ ವ್ಯವಸ್ಥೆಯಲ್ಲಿ ಮಾತ್ರ ಒಪ್ಪುವಂತೆ ಒಂದು ವಿನಾಯಿತಿ ಇಟ್ಟುಕೊಳ್ಳಿ. ಆಧಾರ್‌ನ 12ನೇ ಅಂಕಿ, ಹಿಂದಿನ 11 ಅಂಕಿಗಳಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಅದನ್ನು ಬೇಕೆಂದೇ ತಪ್ಪಾಗಿಡಿ. ಇಮೇಲಿಗೆ ‘ಎಕ್ಸಾಂಪಲ್ ಡಾಟ್ ಕಾಮ್’ ಬಳಸಿ. ಉದಾಹರಣೆಗಳಿಗೆಂದೇ 1999ರಲ್ಲಿ ಕಾದಿರಿಸಿದ ವಿಳಾಸ ಅದು.

ಕಂಪನಿಗಳಿಗೂ ಇದೇ ಕ್ರಮ. ಸಂಘಕ್ಕೆ ಪಶು ಆಹಾರ ಪೂರೈಸುವ ಕಲ್ಪಿತ ಕಂಪನಿಯ ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿರಬೇಕು. ಮೊದಲ ಎರಡು ಕರ್ನಾಟಕದ ಸಂಕೇತವಾದ 29, ಮುಂದಿನ ಹತ್ತು ಪ್ಯಾನ್ ಸಂಖ್ಯೆ, ಆ ಪ್ಯಾನಿನ ನಾಲ್ಕನೇ ಅಕ್ಷರ ಕಂಪನಿಯನ್ನು ಸೂಚಿಸುವ ‘ಸಿ’. ಕೊನೆಯದು ಇಲ್ಲೂ ತಾಳೆ ನೋಡುವ ಅಕ್ಷರವೇ, ಅದನ್ನೂ ತಪ್ಪಾಗಿಡಿ. ಮೊದಲು ಕಂಪನಿಗಳನ್ನು ಮಾಡಿಸಿ, ಆಮೇಲೆ ಆ ಕಂಪನಿಗಳ ನೌಕರರನ್ನು. ಹಿಂದುಮುಂದಾದರೆ ಇಲ್ಲದ ಕಂಪನಿಗೆ ನೌಕರರು ಹುಟ್ಟಿಕೊಳ್ಳುತ್ತಾರೆ.

ನಮ್ಮ ಕಡೆಯ ಹೆಸರುಗಳ ಒಂದು ಪಟ್ಟಿಯನ್ನು ಏಜೆಂಟಿಗೆ ಕೊಟ್ಟು ಹೀಗೆ ಹೇಳಿ ನೋಡಿ: “ಫೇಕರ್ ಬಳಸಿ ಹತ್ತು ಸದಸ್ಯರ ಪಟ್ಟಿ ಮಾಡು. ಸೀಡ್ 13. ಊರಿನ ಮತ್ತು ತಂದೆಯ ಇನಿಷಿಯಲ್, ಸ್ವಂತ ಹೆಸರು, ಊರು, ತಾಲ್ಲೂಕು, ಪಿನ್‌ಕೋಡ್ ಇರಲಿ. ಹೆಸರುಗಳನ್ನು ನಾನು ಕೊಟ್ಟ ಪಟ್ಟಿಯಿಂದಲೇ ಆರಿಸು. ಮೊಬೈಲ್ 1ರಿಂದ ಶುರುವಾಗಲಿ. ಇಬ್ಬರಿಗೆ ಇನಿಷಿಯಲ್ ಬೇಡ.” ಬರುವ ಸಾಲು ಹೀಗಿದ್ದೀತು: ಕೆ.ಆರ್. ಪುಟ್ಟಸ್ವಾಮಿ, ಕಲ್ಪಿತಪುರ, ಅರಕಲಗೂಡು ತಾಲ್ಲೂಕು, 573102, 1000000017.

ಹತ್ತೂ ಸಾಲುಗಳನ್ನು ಕಣ್ಣಾರೆ ಓದಿ. ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳಿ: ಇಂಥವರು ನಮ್ಮ ಜಿಲ್ಲೆಯಲ್ಲಿ ಇರಬಹುದೇ? ಈ ವಿವರದಿಂದ ನಿಜವಾದ ಯಾರನ್ನಾದರೂ ತಲುಪಬಹುದೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಹತ್ತನ್ನು ಐನೂರು ಮಾಡಿ. ಈ ಪಟ್ಟಿ ಸಾಫ್ಟ್‌ವೇರಿನ ಪರೀಕ್ಷೆಗಷ್ಟೇ. ಇದೇ ವಿವರ ತೋರಿಸಿ ಸಿಮ್ಮನ್ನೋ ಸಾಲವನ್ನೋ ಪಡೆಯಹೊರಟರೆ ಅದು ವಂಚನೆ. ಅದಕ್ಕೇ ಕಡತದ ಹೆಸರಿನಲ್ಲೇ ‘ಕಲ್ಪಿತ’ ಎಂದು ಬರೆದಿಡಿ. ಮುಂದೆ ಅದನ್ನು ತೆರೆಯುವವರಿಗೆ ಸಂಶಯ ಬರದಿರಲಿ.