ಸೊನ್ನೆ ಬಡ್ಡಿಯ ಫೋನಿನ ಪೂರ್ತಿ ಲೆಕ್ಕ

ಐಫೋನ್ ತೆಗೆದುಕೊಳ್ಳಲಾ, ಆಂಡ್ರಾಯ್ಡ್ ಸಾಕಾ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ಪೂರ್ತಿ ದುಡ್ಡು ಕೊಟ್ಟು ತರುತ್ತೀರೋ, ಕಂತಿನ ಮೇಲೋ? ಈ ಪ್ರಶ್ನೆ ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಕ್ಯಾಮೆರಾ ಬಗ್ಗೆ ನಾಲ್ಕು ಮಾತಾಡೋಣ ಎಂದು ಬಂದವರಿಗೆ ಸಂಬಳದ ಲೆಕ್ಕ ಕೇಳಿದರೆ ಮುಖ ಸಣ್ಣದಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಎರಡೂ ಬಗೆಯ ಫೋನುಗಳು ನಾಲ್ಕು ವರ್ಷ ಓಡಿವೆ. ಎರಡರ ಬಿಲ್ಲು, ಕಾರ್ಡಿನ ಸ್ಟೇಟ್‌ಮೆಂಟು ಎಲ್ಲ ಫೈಲಿನಲ್ಲಿವೆ. ಅವನ್ನು ಮುಂದಿಟ್ಟುಕೊಂಡೇ ಈ ಸಲದ ಅಂಕಣ ಬರೆಯುತ್ತಿದ್ದೇನೆ.

2021ರ ದೀಪಾವಳಿ. ಮಗಳು ಎಂಜಿನಿಯರಿಂಗ್ ಸೇರಿದ್ದಳು. ಅಲ್ಲಿಯವರೆಗೆ ಅವಳ ಪಾಲಿಗೆ ಬರುತ್ತಿದ್ದುದು ನಾವು ಬಳಸಿ ಬಿಟ್ಟ ಆಂಡ್ರಾಯ್ಡ್ ಫೋನುಗಳೇ. ಎರಡು ವರ್ಷಕ್ಕೆ ಅಪ್‌ಡೇಟ್ ನಿಂತು, ಮೂರನೇ ವರ್ಷಕ್ಕೆ ತೆವಳುವ ಸರಕು. ಒಂದು ಸಲ ಗಟ್ಟಿಯಾದದ್ದು ಕೊಡಿಸಿದರೆ ಓದು ಮುಗಿಯುವ ತನಕ ತಲೆನೋವಿಲ್ಲ ಎಂದು ಐಫೋನ್ 13 ಕೊಡಿಸಿದೆ. 128 ಜಿಬಿ, ಬೆಲೆ 79,900 ರೂಪಾಯಿ. ಅದೇ ವಾರ ಹೆಂಡತಿಗೆ 24,999ರ ಆಂಡ್ರಾಯ್ಡ್ ಬಂತು. ಅವಳದ್ದಕ್ಕೆ ಪೂರ್ತಿ ದುಡ್ಡು ಕೊಟ್ಟೆ. ಮಗಳ ಹಾಸ್ಟೆಲ್ ಫೀಸು ಆ ತಿಂಗಳೇ ಇದ್ದುದರಿಂದ ಐಫೋನ್ ಮಾತ್ರ ಕಂತಿನ ಮೇಲೆ.

ಅಂಗಡಿಯ ಹುಡುಗ ಚುರುಕಾಗಿದ್ದ. ಟ್ಯಾಬ್ ತಿರುಗಿಸಿ ತೋರಿಸಿದ. 'ನೋ ಕಾಸ್ಟ್ ಇಎಂಐ ಸರ್, 12 ತಿಂಗಳು. ತಿಂಗಳಿಗೆ 6,658. ಬಡ್ಡಿ ಸೊನ್ನೆ. ಯಾಕೆ ಸುಮ್ನೆ ಒಂದೇ ಸಲ ದುಡ್ಡು ಬಿಡ್ತೀರಿ?' ಪೂರ್ತಿ ಕೊಟ್ಟರೆ ಎಷ್ಟು ಎಂದು ಕೇಳಿದೆ. ದನಿ ತಗ್ಗಿಸಿ, 'ಕಾರ್ಡ್ ಫುಲ್ ಸ್ವೈಪ್ ಮಾಡಿದ್ರೆ 5,000 ಡಿಸ್ಕೌಂಟ್ ಇದೆ ಸರ್, ಇಎಂಐಗೆ ಅದು ಬರಲ್ಲ' ಎಂದ. ಅಂದರೆ ಆ ದಿನ ಆ ಫೋನಿನ ನಿಜವಾದ ಬೆಲೆ 74,900. ಈ ಅಂಕಿ ಬರೆದಿಟ್ಟುಕೊಳ್ಳಿ, ಉಳಿದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ತಿಂಗಳ ಸ್ಟೇಟ್‌ಮೆಂಟ್ ಬಂತು. ಅದರಲ್ಲಿ 6,658 ಒಂದೇ ಸಾಲಾಗಿರಲಿಲ್ಲ. ಅಸಲು 5,736, ಬಡ್ಡಿ 922, ಬಡ್ಡಿಯ ಮೇಲೆ ಜಿಎಸ್‌ಟಿ 166. ಕೆಳಗೆ ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ. ಸೊನ್ನೆ ಬಡ್ಡಿಯ ಸಾಲದಲ್ಲಿ 922 ಬಡ್ಡಿ ಎಲ್ಲಿಂದ ಬಂತು?

ಬಂದದ್ದು ಹೀಗೆ. ಬ್ಯಾಂಕು ಯಾರಿಗೂ ಬಡ್ಡಿ ಬಿಡುವುದಿಲ್ಲ. ಅದು ವರ್ಷಕ್ಕೆ 15 ಶೇಕಡ, ಅಂದರೆ ತಿಂಗಳಿಗೆ 1.25ರಂತೆ ಹಾಕಿಯೇ ಹಾಕುತ್ತದೆ. ಹನ್ನೆರಡು ಕಂತು ಸೇರಿ 79,900 ಆಗಬೇಕಾದರೆ ಅಸಲು 73,769 ಇರಬೇಕು. ಆದ್ದರಿಂದ ಕಂಪನಿಯೋ ಅಂಗಡಿಯೋ ಬೆಲೆಯಲ್ಲಿ 6,131 ರೂಪಾಯಿ ಇಳಿಸಿ, ಫೋನನ್ನು 73,769ಕ್ಕೆ ಬ್ಯಾಂಕಿನ ಲೆಕ್ಕಕ್ಕೆ ಹಾಕುತ್ತದೆ. ಆ 6,131 ಬಡ್ಡಿಯ ರೂಪದಲ್ಲಿ ನಮ್ಮ ಕೈಯಿಂದ ಬ್ಯಾಂಕಿಗೆ ಹೋಗುತ್ತದೆ. ಬಡ್ಡಿ ಎಂದ ಮೇಲೆ ಕ್ರೆಡಿಟ್ ಕಾರ್ಡಿನಲ್ಲಿ ಅದಕ್ಕೆ 18 ಶೇಕಡ ಜಿಎಸ್‌ಟಿ. ವರ್ಷಕ್ಕೆ 1,104. ಪ್ರೊಸೆಸಿಂಗ್ ಫೀ ತೆರಿಗೆ ಸೇರಿ 235. ಒಟ್ಟು ಕಟ್ಟಿದ್ದು 81,239. ಪೂರ್ತಿ ಕೊಟ್ಟಿದ್ದರೆ 74,900. ವ್ಯತ್ಯಾಸ 6,339 ರೂಪಾಯಿ. 74,900 ಸಾಲ ತಂದು ಹನ್ನೆರಡು ಕಂತಿನಲ್ಲಿ 81,239 ತೀರಿಸಿದರೆ ಬಡ್ಡಿ ದರ ಎಷ್ಟು? ವರ್ಷಕ್ಕೆ 15 ಶೇಕಡಕ್ಕಿಂತ ತುಸು ಹೆಚ್ಚು. ಪರ್ಸನಲ್ ಲೋನಿಗೂ ಇದಕ್ಕೂ ಏನು ಅಂತರ ಉಳಿಯಿತು?

ಇನ್ನೊಂದು ಸಂಗತಿ ಗಮನಿಸಿ. ಪೂರ್ತಿ ದುಡ್ಡು ಕೊಡುವ ಗಿರಾಕಿಗೆ ಬಿಟ್ಟದ್ದು 5,000. ಬ್ಯಾಂಕಿಗೋಸ್ಕರ ಬಿಟ್ಟದ್ದು 6,131. ಸಾಲ ಮಾಡುವವನಿಗಾಗಿ ವ್ಯಾಪಾರ ಹೆಚ್ಚು ಬಗ್ಗುತ್ತದೆ, ಆದರೆ ಬಗ್ಗಿದ್ದರ ಲಾಭ ಸಾಲಗಾರನಿಗೆ ಸಿಗುವುದಿಲ್ಲ.

ರಿಸರ್ವ್ ಬ್ಯಾಂಕ್ ಇದನ್ನು 2013ರ ಸೆಪ್ಟೆಂಬರಿನಲ್ಲೇ ಹೇಳಿತ್ತು. ಸೊನ್ನೆ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಹೆಸರಿನಲ್ಲಿ ಮುಚ್ಚಿಟ್ಟು ಗಿರಾಕಿಯಿಂದ ವಸೂಲು ಮಾಡುತ್ತಾರೆ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಸೊನ್ನೆ ಶೇಕಡ ಎಂಬ ಬೋರ್ಡು ಹೋಯಿತು, ನೋ ಕಾಸ್ಟ್ ಎಂಬ ಬೋರ್ಡು ಬಂತು. ಇದನ್ನು ಹಣಕಾಸು ಸೌಲಭ್ಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕಂತಿನ ಜೊತೆಗೆ ಅಂಗಡಿಯವರು ಅಂಟಿಸಲು ನೋಡುವ ಸ್ಕ್ರೀನ್ ಪ್ರೊಟೆಕ್ಷನ್, ಎಕ್ಸ್‌ಟೆಂಡೆಡ್ ವಾರಂಟಿ, ಬೈಬ್ಯಾಕ್ ಗ್ಯಾರಂಟಿಗಳ ಬಗ್ಗೆ ಮಾತೇ ಬೇಡ. ಆರು ನೂರರ ಕವರ್ರು, ನಾಲ್ಕು ನೂರರ ಟೆಂಪರ್ಡ್ ಗ್ಲಾಸು ಹಾಕಿಸಿ ಎದ್ದು ಬನ್ನಿ.

ಈಗ ನಾಲ್ಕು ವರ್ಷದ ಲೆಕ್ಕ. ಐಫೋನಿಗೆ ಕಟ್ಟಿದ್ದು 81,239. ಡಬ್ಬಿಯಲ್ಲಿ ಚಾರ್ಜರ್ ಇರಲಿಲ್ಲ, ಆಪಲ್ 2020ರಲ್ಲೇ ಅದನ್ನು ನಿಲ್ಲಿಸಿತ್ತು. ಅದಕ್ಕೆ 1,900. ಕವರ್ರು, ಗ್ಲಾಸು ಆಗಾಗ ಬದಲಿಸಿದ್ದಕ್ಕೆ 1,500. ಐಕ್ಲೌಡ್ ಪುಕ್ಕಟೆ ಕೊಡುವುದು 5 ಜಿಬಿ, ಕಾಲೇಜಿನ ಹುಡುಗಿಗೆ ಅದು ಯಾವ ಮೂಲೆಗೆ? 50 ಜಿಬಿಗೆ ತಿಂಗಳಿಗೆ 75ರಂತೆ ನಾಲ್ಕು ವರ್ಷಕ್ಕೆ 3,600. ಒಟ್ಟು 88,239. ಈಚೆಗೆ ಎಕ್ಸ್‌ಚೇಂಜಿಗೆ ಕೇಳಿದಾಗ 22,000 ಹೇಳಿದರು. ಅದನ್ನು ಕಳೆದರೆ 66,239. ತಿಂಗಳಿಗೆ 1,380 ರೂಪಾಯಿ.

ಹೆಂಡತಿಯ ಆಂಡ್ರಾಯ್ಡ್: ಫೋನು 24,999, ಕವರ್ರು 500. ಗೂಗಲ್ 15 ಜಿಬಿ ಕೊಡುತ್ತದೆ, ಆದರೆ 2021ರ ಜೂನಿನಿಂದ ಫೋಟೊಗಳೂ ಅದರ ಲೆಕ್ಕಕ್ಕೇ ಸೇರುತ್ತವೆ. ಎರಡು ವರ್ಷ ಓಡಿತು, ಉಳಿದೆರಡು ವರ್ಷ 100 ಜಿಬಿಗೆ ವರ್ಷಕ್ಕೆ 1,300 ಕಟ್ಟಿದೆವು. ಎಕ್ಸ್‌ಚೇಂಜಿಗೆ 3,000. ನಿವ್ವಳ 25,099, ತಿಂಗಳಿಗೆ 523. ಎರಡಕ್ಕೂ ನಡುವೆ ತಿಂಗಳಿಗೆ 857 ರೂಪಾಯಿಯ ಅಂತರ.

ಐಫೋನಿಗೆ ಮರುಮಾರಾಟದ ಬೆಲೆ ಇದೆ, ಬಾಳಿಕೆ ಬರುತ್ತದೆ, ಕೊನೆಗೆ ಅದೇ ಅಗ್ಗ ಎನ್ನುವ ವಾದ ಎಲ್ಲರಿಗೂ ಗೊತ್ತು. ಬಾಳಿಕೆಯ ಮಾತು ನಿಜ. 2019ರ ಐಫೋನ್ 11ಕ್ಕೂ 2025ರ ಐಒಎಸ್ 26 ಬಂದಿದೆ. ಆದರೆ ಅಗ್ಗ ಎನ್ನುವುದು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಮಗಳ ಫೋನನ್ನು ಇನ್ನೆರಡು ವರ್ಷ ಇಟ್ಟುಕೊಂಡರೆ ಬ್ಯಾಟರಿಗೆ 8,000, ಐಕ್ಲೌಡಿಗೆ 1,800 ಎಂದುಕೊಳ್ಳೋಣ. ಆರನೇ ವರ್ಷ ಎಕ್ಸ್‌ಚೇಂಜಿಗೆ 8,000ಕ್ಕಿಂತ ಹೆಚ್ಚು ಸಿಗಲಾರದು. ಆಗ ತಿಂಗಳಿಗೆ 1,250. ಎರಡು ವರ್ಷ ಹೆಚ್ಚು ಓಡಿಸಿದ್ದಕ್ಕೆ ಉಳಿದದ್ದು 130. ವರ್ಷ ಕಳೆದಂತೆ ಖರ್ಚು ಹಂಚಿಹೋಗುತ್ತದೆ, ಮಾರುವ ಬೆಲೆಯೂ ಜೊತೆಯಲ್ಲೇ ಕರಗುತ್ತದೆ.

ಹಾಗೆಂದು 75 ಸಾವಿರದ ಆಂಡ್ರಾಯ್ಡ್ ತರುವುದು ಜಾಣತನ ಎಂದುಕೊಳ್ಳಬೇಡಿ. ಖರ್ಚು ಐಫೋನಿನಷ್ಟೇ, ಮಾರುವಾಗ ಬೆಲೆ ಅದಕ್ಕಿಂತ ಬೇಗ ಬೀಳುತ್ತದೆ. ಆಂಡ್ರಾಯ್ಡಿನ ಲಾಭವಿರುವುದು 15ರಿಂದ 30 ಸಾವಿರದ ನಡುವೆ. ಅಲ್ಲಿ ಹಿಂದೆ ಇದ್ದ ದೊಡ್ಡ ಕೊರತೆ ಅಪ್‌ಡೇಟ್. ಈಗ ಅದೂ ಬದಲಾಗಿದೆ. ಪಿಕ್ಸೆಲ್ 8ಕ್ಕೆ 2023ರಲ್ಲಿ, ಗ್ಯಾಲಕ್ಸಿ ಎಸ್24ಕ್ಕೆ 2024ರಲ್ಲಿ ಏಳು ವರ್ಷದ ಭರವಸೆ ಸಿಕ್ಕಿತು. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16ಕ್ಕೂ ಆರು ವರ್ಷ. ಇದು ಬರೀ ಅಲಂಕಾರದ ಮಾತಲ್ಲ. 2025ರಲ್ಲಿ ವಾಟ್ಸ್‌ಆ್ಯಪ್ ಐಒಎಸ್ 15.1ಕ್ಕಿಂತ ಹಳೆಯ ಫೋನುಗಳನ್ನು ಕೈಬಿಟ್ಟಾಗ ಐಫೋನ್ 6 ಇಟ್ಟುಕೊಂಡವರು ಹೊರಗುಳಿದರು. ಅಪ್‌ಡೇಟ್ ನಿಂತ ಫೋನಿನಲ್ಲಿ ಯುಪಿಐ ಓಡಿಸುವುದಂತೂ ಬೇಡವೇ ಬೇಡ. ಹಾಗಾಗಿ ಡಬ್ಬಿ ಕೊಳ್ಳುವ ಮೊದಲು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಬದಲು, ಯಾವ ವರ್ಷದ ತನಕ ಸೆಕ್ಯುರಿಟಿ ಅಪ್‌ಡೇಟ್ ಎಂದು ಕೇಳಿ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವುದಕ್ಕೂ ಬೆಲೆಯಿದೆ. ನಮ್ಮಲ್ಲಿ ಎಲ್ಲರೂ ವಾಟ್ಸ್‌ಆ್ಯಪಿನಲ್ಲೇ ಇರುವುದರಿಂದ, ಮೆಸೇಜಿನ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಯುಪಿಐ ಎರಡರಲ್ಲೂ ಒಂದೇ. ಕಟ್ಟಿಹಾಕುವುದು ಫೋನಿನ ಸುತ್ತ ಸೇರಿಕೊಳ್ಳುವ ಸಾಮಾನು. ಮಗಳು ಮೊದಲ ಸ್ಟೈಪೆಂಡಿನಲ್ಲಿ ಆಪಲ್ ವಾಚ್ ಕೊಂಡಳು. ಅದು ಆಂಡ್ರಾಯ್ಡ್ ಫೋನಿಗೆ ಜೋಡಣೆಯಾಗುವುದೇ ಇಲ್ಲ. ಆ ದಿನವೇ ಅವಳ ಮುಂದಿನ ಫೋನೂ ನಿರ್ಧಾರವಾಗಿಹೋಯಿತು. ಗೂಗಲ್ ಕಂಪನಿಯೇನೂ ಆಂಡ್ರಾಯ್ಡನ್ನು ಧರ್ಮಕ್ಕೆ ಹಂಚುತ್ತಿಲ್ಲ. ಫೋನುಗಳಲ್ಲಿ ತನ್ನ ಆ್ಯಪುಗಳನ್ನೇ ತುರುಕುವ ರೀತಿಗೆ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಐಫೋನ್ ಇರುವವರಿಗೆ ಒಂದು ಕಿವಿಮಾತು: ಯೂಟ್ಯೂಬ್ ಪ್ರೀಮಿಯಂನಂಥ ಚಂದಾಗಳನ್ನು ಆ್ಯಪಿನ ಒಳಗಿಂದ ಕಟ್ಟಬೇಡಿ, ಆಪಲ್ ಕಮಿಷನ್ ಸೇರಿ ದರ ಹೆಚ್ಚು. ಬ್ರೌಸರಿನಲ್ಲಿ ಕಟ್ಟಿ.

ನಮ್ಮಲ್ಲೇ ತಯಾರಾಗುತ್ತಲ್ಲ, ಬೆಲೆ ಯಾಕೆ ಇಳಿಯುವುದಿಲ್ಲ ಎಂದು ಕೇಳುವವರಿದ್ದಾರೆ. ನಿಜ, 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್ಇ ಜೋಡಣೆ ಶುರುವಾಯಿತು, ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ಆದರೂ 79,900ರಲ್ಲಿ 12,188 ರೂಪಾಯಿ ಜಿಎಸ್‌ಟಿಯೇ. 2020ರಲ್ಲಿ 12ರಿಂದ 18 ಶೇಕಡಕ್ಕೆ ಏರಿದ್ದು ಮತ್ತೆ ಇಳಿದಿಲ್ಲ. ಅಮೆರಿಕದಲ್ಲಿರುವ ಅಣ್ಣನ ಮಗ ತಂದುಕೊಡುತ್ತಾನೆ ಎನ್ನುವವರು ಒಂದು ನೆನಪಿಡಿ: ಐಫೋನ್ 14ರಿಂದ ಈಚೆಗೆ ಅಲ್ಲಿನ ಮಾದರಿಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಐಫೋನೇ ಬೇಕೆಂದರೆ ಹಣ ಉಳಿಸುವ ನೇರ ದಾರಿ ಕಾಯುವುದು. ಹದಿನಾಲ್ಕು ಬಂದ 2022ರ ಸೆಪ್ಟೆಂಬರಿನಲ್ಲಿ ಹದಿಮೂರರ ಬೆಲೆ 69,900ಕ್ಕೆ ಇಳಿಯಿತು. ಆಗ ಅದೇ 5,000 ಡಿಸ್ಕೌಂಟಿನಲ್ಲಿ ಪೂರ್ತಿ ಕೊಟ್ಟು ತಂದಿದ್ದರೆ ನಾವು ಕಟ್ಟಿದ್ದಕ್ಕಿಂತ 16,339 ಕಡಿಮೆ.

ಈಗ ಮಗಳು ಕೆಲಸಕ್ಕೆ ಸೇರಿದ್ದಾಳೆ. 'ಅಪ್ಪ, ಹದಿನೇಳು 82,900 ಅಷ್ಟೇ, ಇಎಂಐ ನಾನೇ ಕಟ್ತೀನಿ' ಎಂದಳು. ಬ್ಯಾಟರಿ ಹಾಕಿಸಿ ಇನ್ನೆರಡು ವರ್ಷ ಓಡಿಸು ಎಂದೆ. ಐಫೋನ್ ಬಿಡು ಎನ್ನಲಿಲ್ಲ, ವಾಚು ಇದೆ, ಅವಳ ಫೋಟೊಗಳೆಲ್ಲ ಅಲ್ಲಿವೆ. ಮನೆಯಲ್ಲಿ ನನ್ನ ಅಮ್ಮನೂ ಆಂಡ್ರಾಯ್ಡಿನಲ್ಲೇ ಇರುತ್ತಾರೆ. ಮೈಕ್ ಒತ್ತಿ ಕನ್ನಡದಲ್ಲಿ ಹೇಳುತ್ತಾರೆ, ಅದು ಟೈಪ್ ಮಾಡಿಕೊಳ್ಳುತ್ತದೆ. ಅವರಿಗೆ ಬೇಕಾದದ್ದು 15 ಸಾವಿರಕ್ಕೆ ಸಿಗುತ್ತದೆ.

ಅಂತೂ ನನ್ನ ತೀರ್ಮಾನ ಇಷ್ಟು. ಮೊದಲು ದುಡ್ಡಿನ ಮಿತಿ, ಆಮೇಲೆ ಫೋನು. ತಿಂಗಳ ಕೊನೆಗೆ ಕೈಗೆ ಬರುವ ಸಂಬಳದ ಅರ್ಧಕ್ಕಿಂತ ಹೆಚ್ಚಿನ ಫೋನು ಬೇಡ. ಆ ಮಿತಿಯಲ್ಲಿ ಐಫೋನ್ ಬರುವುದಾದರೆ ಧಾರಾಳವಾಗಿ ತನ್ನಿ, ಅದು ಒಳ್ಳೆಯ ಫೋನು. ಬರದಿದ್ದರೆ ಆರು ವರ್ಷದ ಅಪ್‌ಡೇಟ್ ಇರುವ ಆಂಡ್ರಾಯ್ಡ್ ತನ್ನಿ, ಅದರಲ್ಲಿ ಕಡಿಮೆಯಾಗುವುದೇನಿಲ್ಲ. ಆ 857 ರೂಪಾಯಿಯ ಅಂತರವನ್ನು 6.5 ಶೇಕಡದ ಆರ್‌ಡಿಗೆ ಹಾಕಿದರೆ ನಾಲ್ಕು ವರ್ಷಕ್ಕೆ 46 ಸಾವಿರ ದಾಟುತ್ತದೆ.

ಸಂಬಳ ಬಂದ ದಿನವೇ ಮೂರು ಕಂತು ಕತ್ತರಿಸಿಹೋಗಿ, ಇಪ್ಪತ್ತನೇ ತಾರೀಕಿಗೆ ಮತ್ತೆ ಕಾರ್ಡ್ ಉಜ್ಜುವ ಹುಡುಗ ಹುಡುಗಿಯರನ್ನು ದಿನಾ ನೋಡುತ್ತೇನೆ. ಅವರಿಗೆ ಹೇಳುವುದಿಷ್ಟೇ: ಈಗಿನ ಫೋನು ಕೆಡುವ ಮೊದಲೇ ಒಂದು ಆರ್‌ಡಿ ತೆರೆಯಿರಿ. ತಿಂಗಳಿಗೆ ಸಾವಿರ ಹಾಕಿದರೆ ಎರಡು ವರ್ಷಕ್ಕೆ 25 ಸಾವಿರದ ಫೋನು ಪೂರ್ತಿ ದುಡ್ಡಿಗೆ, ಡಿಸ್ಕೌಂಟಿನ ಸಮೇತ ಬರುತ್ತದೆ.